ಸಂಧಿವಾತದವರಿಗೆ ಅಂಗಡಿಯಲ್ಲಿ ತೋರಿಸುವ ಮೂರು ಸಾಮಾನು: ತೂಕದ ಯಂತ್ರ, ರಬ್ಬರ್ ಪಟ್ಟಿ, ಪ್ರೋಟೀನ್ ಡಬ್ಬಿ

ಬಳ್ಳಾರಿಯ ವಿಮ್ಸ್ ಆಸ್ಪತ್ರೆ (ಈಗ ಬಿಎಂಸಿಆರ್‌ಸಿ) ಸುತ್ತಲಿನ ಸರ್ಜಿಕಲ್ ಅಂಗಡಿ ಇರಲಿ, ರಾಯಚೂರಿನ ರಿಮ್ಸ್ ಆಸ್ಪತ್ರೆ ಕಡೆಯ ಮೆಡಿಕಲ್ ಇರಲಿ, ಕೊಪ್ಪಳದ ಪೇಟೆ ಇರಲಿ, ರುಮಟಾಯ್ಡ್ ಸಂಧಿವಾತದ (ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆಯ) ಚೀಟಿ ಹಿಡಿದು ಹೋದವರಿಗೆ ಮಾತ್ರೆಯ ಜೊತೆ ಮೂರು ಸಾಮಾನು ಸಿಗುತ್ತವೆ. ಮೈಯ ಕೊಬ್ಬು, ಮಾಂಸಖಂಡ ಎರಡನ್ನೂ ಹೇಳುತ್ತೇನೆ ಅನ್ನುವ ಗಾಜಿನ ತೂಕದ ಯಂತ್ರ, ವ್ಯಾಯಾಮಕ್ಕೆ ಬಣ್ಣದ ರಬ್ಬರ್ ಪಟ್ಟಿ, ಶಕ್ತಿಗೆಂದು ಪ್ರೋಟೀನ್ ಪುಡಿಯ ಡಬ್ಬಿ. ಮೂರಕ್ಕೂ ದುಡ್ಡು ಹೊಂದಿಸುವುದು ಎಲ್ಲರಿಗೂ ಆಗದ ಮಾತು. ಕೈಯಲ್ಲಿರುವ ದುಡ್ಡಿಗೆ ಒಂದೇ ಬರುತ್ತದೆ ಎಂದಾದರೆ ಪಟ್ಟಿ ಕೊಳ್ಳಿ. ಮೂರರಲ್ಲಿ ಅದೇ ಅಗ್ಗ, ಕೆಲಸಕ್ಕೆ ಬರುವುದೂ ಅದೇ. ಯಂತ್ರ ಇಲ್ಲದೆಯೂ ನಡೆಯುತ್ತದೆ. ಪುಡಿ ಕೆಲವರಿಗೆ ಮಾತ್ರ ಬೇಕು.

ಹೀಗೇಕೆ ಅನ್ನಲು ಈ ರೋಗ ಕೀಲಿನ ಆಚೆ ಏನು ಮಾಡುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಕೀಲು ಊದುವುದು ಕಣ್ಣಿಗೆ ಕಾಣುತ್ತದೆ, ತೊಡೆ ಸವೆಯುವುದು ಕಾಣುವುದಿಲ್ಲ. ಕೀಲಿನ ಒಳಪದರದಲ್ಲಿ ಹುಟ್ಟುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಸ್ತುಗಳು ಅಲ್ಲೇ ನಿಲ್ಲುವುದಿಲ್ಲ, ರಕ್ತದಲ್ಲಿ ಸೇರಿ ಮೈಯೆಲ್ಲ ತಿರುಗುತ್ತವೆ. ಮಾಂಸಖಂಡದೊಳಗೆ ಪ್ರೋಟೀನ್ ಒಡೆಯುವ ವ್ಯವಸ್ಥೆಯನ್ನು ಚುರುಕು ಮಾಡುತ್ತವೆ, ಹೊಸ ಪ್ರೋಟೀನ್ ಕಟ್ಟುವುದನ್ನು ನಿಧಾನ ಮಾಡುತ್ತವೆ. ಯಕೃತ್ತು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿಯಂಥ ಪ್ರೋಟೀನುಗಳನ್ನು ರಾಶಿಗಟ್ಟಲೆ ತಯಾರಿಸಲು ಶುರು ಮಾಡುತ್ತದೆ. ಅದಕ್ಕೆ ಬೇಕಾದ ಅಮೈನೋ ಆಮ್ಲದಲ್ಲಿ, ಅಂದರೆ ಪ್ರೋಟೀನ್ ಕಟ್ಟುವ ಕಚ್ಚಾವಸ್ತುವಿನಲ್ಲಿ, ಒಂದಷ್ಟು ಮಾಂಸಖಂಡದಿಂದಲೇ ಹೋಗುತ್ತದೆ. ಇದೇ ಟಿಎನ್‌ಎಫ್ ಇನ್ಸುಲಿನ್‌ನ ಕೆಲಸಕ್ಕೂ ಅಡ್ಡ ಬರುತ್ತದೆ. ಆಗ ಸಕ್ಕರೆ ಮಾಂಸಖಂಡಕ್ಕೆ ಸರಿಯಾಗಿ ಇಳಿಯುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ.

ಕೊನೆಗೆ ಮಾಂಸಖಂಡ ಇಳಿದು ಕೊಬ್ಬು ಏರುತ್ತದೆ, ತೂಕ ಮಾತ್ರ ಇದ್ದಲ್ಲೇ ಇರುತ್ತದೆ. ವೈದ್ಯರು ಇದನ್ನು ರುಮಟಾಯ್ಡ್ ಕ್ಯಾಕೆಕ್ಸಿಯಾ ಅನ್ನುತ್ತಾರೆ. ಕ್ಯಾನ್ಸರ್, ಟಿಬಿ ಬಂದವರು ಸೊರಗಿದಂತೆ ಇವರು ಸೊರಗಿ ಕಾಣುವುದಿಲ್ಲ, ಅದಕ್ಕೇ ಮನೆಯವರಿಗೂ ಗೊತ್ತಾಗುವುದಿಲ್ಲ. "ಅಕ್ಕಾರ, ಮೈ ತುಂಬ್ಯಾವು, ಈಗ ಛಲೋ ಆಗೀರಿ" ಅಂತ ನೆರೆಯವರು ಹೇಳುವ ಹೊತ್ತಿಗೇ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗಿರುತ್ತದೆ.

ಇನ್ನು ಯಂತ್ರದ ವಿಚಾರ. ಬರಿಗಾಲಲ್ಲಿ ನಿಂತರೆ ಇದು ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ವಿದ್ಯುತ್ ಹರಿಸಿ ಎಷ್ಟು ತಡೆ ಬಂತು ಎಂದು ನೋಡುತ್ತದೆ. ನೀರು ಹೆಚ್ಚಿರುವ ಮಾಂಸಖಂಡದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಅದು ನಿಜವಾಗಿ ಅಳೆಯುವುದು ತೂಕ ಮತ್ತು ಈ ತಡೆ, ಇವೆರಡನ್ನೇ. ಉಳಿದ ಅಂಕಿಗಳೆಲ್ಲ ನೀವು ಮೊಬೈಲ್ ಆಪ್‌ನಲ್ಲಿ ತುಂಬಿದ ವಯಸ್ಸು, ಎತ್ತರ, ಲಿಂಗ ಸೇರಿಸಿ ಸೂತ್ರದಿಂದ ತೆಗೆದದ್ದು. ಆ ಸೂತ್ರ ಕಟ್ಟಿರುವುದು ಆರೋಗ್ಯವಂತರ ಮೈಯ ನೀರಿನ ಲೆಕ್ಕದ ಮೇಲೆ. ಸಂಧಿವಾತದವರ ಕಣಕಾಲು ಊದಿದ್ದರೆ, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಿಂದ ಮೈಯಲ್ಲಿ ನೀರು ನಿಂತಿದ್ದರೆ, ಯಂತ್ರ ಆ ನೀರನ್ನೂ ಮಾಂಸಖಂಡದ ಖಾತೆಗೆ ಬರೆದುಬಿಡುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವತು ನೀರು ಕಡಿಮೆಯಾದ ದಿನ ಇದಕ್ಕೆ ಉಲ್ಟಾ, ಕೊಬ್ಬು ಜಾಸ್ತಿ ತೋರಿಸುತ್ತದೆ. ವಿದ್ಯುತ್ ಕಾಲಿನಿಂದ ಕಾಲಿಗೆ ಹರಿಯುವುದರಿಂದ ಸೊಂಟದ ಮೇಲಿನದ್ದೆಲ್ಲ ಹೆಚ್ಚಾಗಿ ಅಂದಾಜೇ.

ಇದಕ್ಕಿಂತ ದೊಡ್ಡ ತಪ್ಪು ಬಿಎಂಆರ್ ಎಂಬ ಅಂಕಿಯಲ್ಲಿದೆ. ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಸುಡುವ ಕ್ಯಾಲೊರಿ ಅದು. ಯಂತ್ರ ಅದನ್ನು ಅಳೆದಿರುವುದೇ ಇಲ್ಲ. ಉರಿಯೂತ ಇದ್ದಾಗ ಈ ಖರ್ಚು ಏರುತ್ತದೆ. 1994ರಲ್ಲಿ ರೂಬೆನಾಫ್ ಮತ್ತು ಜೊತೆಗಾರರು ಅಮೆರಿಕದಲ್ಲಿ ನಡೆಸಿದ ಅಧ್ಯಯನದಲ್ಲಿ, ರುಮಟಾಯ್ಡ್ ಇದ್ದವರ ವಿಶ್ರಾಂತಿಯ ಖರ್ಚು ಆರೋಗ್ಯವಂತರಿಗಿಂತ ಸುಮಾರು 12% ಹೆಚ್ಚಿತ್ತು, ಮಾಂಸಖಂಡವೇ ಮುಖ್ಯವಾಗಿರುವ ಜೀವಕೋಶರಾಶಿ ಸುಮಾರು 13% ಕಡಿಮೆ ಇತ್ತು. ಯಂತ್ರ 1,200 ತೋರಿಸಿತು ಅಂತಿಟ್ಟುಕೊಳ್ಳಿ, ಉರಿಯೂತ ಜೋರಾಗಿದ್ದವರಲ್ಲಿ ನಿಜವಾದ ಖರ್ಚು 1,340ರ ಆಸುಪಾಸು ಇರಬಹುದು. ಅಂಥವರು ಯಂತ್ರ ನಂಬಿ, ಕೊಬ್ಬು ಇಳಿಸಬೇಕೆಂದು ರಾತ್ರಿ ಊಟ ಬಿಟ್ಟರೆ, ಕೊರತೆ ತುಂಬಲು ದೇಹ ಕೈ ಹಾಕುವ ಜಾಗಗಳಲ್ಲಿ ಮಾಂಸಖಂಡವೂ ಒಂದು. ಸಂಧಿವಾತದವರಿಗೆ ಉಪವಾಸದ ಡಯಟ್ ಬೇಡವೆನ್ನುವುದು ಇದಕ್ಕೇ.

ಹಾಗಂತ ತುಪ್ಪ, ಸಿಹಿ ಜಾಸ್ತಿ ಹಾಕಿ ಉಣ್ಣಿಸಿದರೂ ಸರಿಹೋಗುವುದಿಲ್ಲ. ಮಲಗಿದ್ದಾಗಿನ ಖರ್ಚು ಏರಿದರೂ ನೋವಿನಿಂದ ಓಡಾಟ ಕಡಿಮೆಯಾಗಿರುವುದರಿಂದ ದಿನದ ಒಟ್ಟು ಖರ್ಚು ಏರುವುದಿಲ್ಲ, ಎಷ್ಟೋ ಜನರಲ್ಲಿ ಇಳಿದೇ ಇರುತ್ತದೆ. ಹೆಚ್ಚಿನ ಅನ್ನ ಹೊಟ್ಟೆಯ ಕೊಬ್ಬಾಗುತ್ತದೆಯೇ ಹೊರತು ತೊಡೆಯ ಮಾಂಸವಾಗುವುದಿಲ್ಲ.

ಯಂತ್ರ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಕಿಲ್ಲ. ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮುಂಚೆ, ಒಣಗಿದ ಪಾದದಲ್ಲಿ, ಒಂದೇ ಜಾಗದ ಗಟ್ಟಿ ನೆಲದ ಮೇಲಿಟ್ಟು, ವಾರಕ್ಕೊಮ್ಮೆ ನೋಡಿ ಬರೆದಿಡಿ. ಒಂದು ದಿನದ ಅಂಕಿಗೆ ಬೆಲೆಯಿಲ್ಲ, ಮೂರು ತಿಂಗಳ ಏರಿಳಿತಕ್ಕೆ ಸ್ವಲ್ಪ ಬೆಲೆಯಿದೆ. ಪೇಸ್‌ಮೇಕರ್ ಇದ್ದವರು ಇದರ ಮೇಲೆ ನಿಲ್ಲಬಾರದು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸರಿಯಿದೆ ಎಂದು ಹಸಿರು ಬಣ್ಣ ತೋರಿಸಿದರೆ ನೆಮ್ಮದಿಯಾಗಬೇಡಿ. ಅಷ್ಟೇ ಬಿಎಂಐ ಇರುವ ಆರೋಗ್ಯವಂತರಿಗಿಂತ ರುಮಟಾಯ್ಡ್‌ನವರಲ್ಲಿ ಕೊಬ್ಬು ಹೆಚ್ಚಿರುತ್ತದೆ ಎಂದು 2007ರ ಬ್ರಿಟಿಷ್ ಅಧ್ಯಯನವೊಂದು ಕಂಡುಕೊಂಡು, ಇವರ ಬಿಎಂಐ ಗಡಿಯನ್ನು 2 ಅಂಕದಷ್ಟು ಇಳಿಸಬೇಕು ಎಂದಿತ್ತು.

ಯಂತ್ರದ ದುಡ್ಡು ಉಳಿಸಿ ಅದೇ ಕೆಲಸವನ್ನು ಮನೆಯ ಕುರ್ಚಿ ಮತ್ತು ಟೈಲರ್ ಟೇಪಿನಿಂದ ಮಾಡಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎರಡೂ ಕೈ ಎದೆಗೆ ಕಟ್ಟಿ, ಐದು ಸಲ ಪೂರ್ತಿ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದರ್ಥ. ಏಷ್ಯಾದವರಿಗೆಂದೇ ತಜ್ಞರು 2019ರಲ್ಲಿ ಹಾಕಿದ ಗೆರೆ ಇದು. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಎಚ್ಚರಿಕೆ ಬೇಕು. ಕಾಲು ಊದಿದ ದಿನ ಟೇಪು ಸುಳ್ಳು ಹೇಳುತ್ತದೆ, ಮೊಣಕಾಲು ಊದಿದ ದಿನ ಕುರ್ಚಿಯ ಲೆಕ್ಕವೂ ತಪ್ಪುತ್ತದೆ. ಮುಷ್ಟಿ ಬಲ ಅಳೆಯುವ ಉಪಕರಣ ಬೇರೆಯವರಿಗೆ ಒಳ್ಳೆಯದೇ. ಇವರಲ್ಲಿ ಬೆರಳ ಕೀಲಿನ ನೋವಿಗೇ ಅಂಕಿ ಇಳಿದಿರುತ್ತದಾದ್ದರಿಂದ ಅದನ್ನೊಂದನ್ನೇ ನಂಬಬಾರದು.

ಈಗ ಪಟ್ಟಿ. ಈ ರೋಗವನ್ನು ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಗಿ ಊತ ಇಳಿದ ಮೇಲೆ ಮಾಂಸಖಂಡ ತಾನಾಗಿ ವಾಪಸ್ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಬರುವುದಿಲ್ಲ. ರೋಗವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲೂ ಮೈಯ ಮಾಂಸ-ಕೊಬ್ಬಿನ ಪ್ರಮಾಣ ಸುಧಾರಿಸಿರಲಿಲ್ಲ ಎಂದು ಬ್ರಿಟನ್ನಿನ ಲೆಮ್ಮಿ ಅವರ ತಂಡ 2016ರಲ್ಲಿ ತೋರಿಸಿತು. ಅದೇ ತಂಡ 2009ರಲ್ಲಿ, ಭಾರ ಏರಿಸುತ್ತ ಹೋಗುವ ವ್ಯಾಯಾಮವನ್ನು 24 ವಾರ ಮಾಡಿದ ರೋಗಿಗಳಲ್ಲಿ ಮಾಂಸಖಂಡ ಕೂಡಿ, ಹೊಟ್ಟೆ-ಬೆನ್ನಿನ ಭಾಗದ ಕೊಬ್ಬು ಇಳಿದು, ನಡಿಗೆ ಚುರುಕಾದದ್ದನ್ನು ವರದಿ ಮಾಡಿತ್ತು. ರೋಗ ಕೆರಳಲೂ ಇಲ್ಲ. ಮಾತ್ರೆ ಸವೆತದ ಕಾರಣವನ್ನು ತಡೆಯುತ್ತದೆ. ಹೋದ ಮಾಂಸವನ್ನು ತಿರುಗಿ ಕಟ್ಟಲು ಭಾರ ಬೀಳಲೇಬೇಕು. ಜಿಮ್ ಯಂತ್ರಕ್ಕೆ ಬದಲು ಮನೆಯಲ್ಲಿ ಆ ಭಾರ ಕೊಡುವುದು ಈ ಪಟ್ಟಿ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು, ಎರಡು ತುದಿಗೂ ಪ್ಲಾಸ್ಟಿಕ್ ಹಿಡಿಕೆಯಿರುವ ಕೊಳವೆ, ಜಿಮ್ ಹುಡುಗರದ್ದು. ರುಮಟಾಯ್ಡ್‌ನವರಿಗೆ ಅದು ಬೇಡವೇ ಬೇಡ. ಹಿಡಿಕೆ ಬಿಗಿಹಿಡಿದು ಎಳೆಯುವಾಗ ಬೆರಳಿನ ಬುಡದ ಕೀಲುಗಳ ಮೇಲೆ, ಕಿರುಬೆರಳಿನ ಕಡೆಗೆ ತಳ್ಳುವ ಒತ್ತಡ ಬೀಳುತ್ತದೆ. ಬೆರಳು ವಾಲಿಕೊಳ್ಳುವುದೂ ಆ ಕಡೆಗೇ. ಇನ್ನೊಂದು, ಸುಮಾರು ಒಂದು ಗೇಣಿಗಿಂತ ಕಿರಿದಾದ ಚಪ್ಪಟೆ ಪಟ್ಟಿ, ಇದನ್ನು ಕೊಳ್ಳಿ. ಉದ್ದ 1.5 ಮೀಟರ್ ಇರಲಿ. ಒಂದು ಮೀಟರಿನ ತುಂಡಿಗೆ ಗಂಟು ಹಾಕಿದರೆ ಎಳೆಯಲು ಉದ್ದವೇ ಉಳಿಯುವುದಿಲ್ಲ.

ಬಣ್ಣ ಅಂದಕ್ಕಲ್ಲ, ಬಿಗಿಗೆ. ಥೆರಾಬ್ಯಾಂಡ್ ಕಂಪನಿಯ ರಬ್ಬರ್ ಪಟ್ಟಿಗಳಲ್ಲಿ ಹಳದಿ ಮೆತ್ತಗಿನವುಗಳಲ್ಲೊಂದು. ಇದ್ದ ಉದ್ದದ ಎರಡರಷ್ಟು ಎಳೆದಾಗ ಅದು ಸುಮಾರು 1.3 ಕೆ.ಜಿ. ಭಾರ ಕೊಡುತ್ತದೆ. ಕೆಂಪು 1.7, ಹಸಿರು 2.1, ನೀಲಿ 2.6, ಕಪ್ಪು 3.3 ಕೆ.ಜಿ. ಬೇರೆ ತಯಾರಕರ ಪಟ್ಟಿಗಳಲ್ಲಿ ಬಣ್ಣದ ಕ್ರಮ ಅದಲುಬದಲಾಗಿರುತ್ತದೆ, ಹಾಗಾಗಿ ಬಣ್ಣ ನೋಡಿ ತರಬೇಡಿ, ಪೊಟ್ಟಣದ ಮೇಲಿನ ಬಿಗಿಯ ಮಟ್ಟ ಓದಿ. ಕೈಗೆ ಹಳದಿ, ಕಾಲಿಗೆ ಕೆಂಪು, ಈ ಜೋಡಿಯಿಂದ ಶುರು ಮಾಡುವುದು ಬಹುತೇಕರಿಗೆ ಸರಿಹೊಂದುತ್ತದೆ. ಐದು ಬಣ್ಣದ ಸೆಟ್ ಒಮ್ಮೆಲೇ ಕೊಳ್ಳುವುದು ವ್ಯರ್ಥ, ಕಪ್ಪು ಪಟ್ಟಿಯ ಹೊತ್ತು ಬರುವಷ್ಟರಲ್ಲಿ ಅದು ಬಿಸಿಲೂರಿನ ಕಪಾಟಿನಲ್ಲೇ ಒಣಗಿ ಸೀಳು ಬಿಟ್ಟಿರುತ್ತದೆ.

ಇದು ನಮ್ಮ ಸೀಮೆಯ ದೊಡ್ಡ ತೊಂದರೆ. ರಬ್ಬರಿನ ಶತ್ರು ಬಿಸಿಲು, ಶಾಖ, ಎಣ್ಣೆ. ತಗಡಿನ ಮನೆಯ ಗೋಡೆಯ ಮೊಳೆಗೆ ನೇತುಹಾಕಿದ ಪಟ್ಟಿ ಒಂದು ಬೇಸಿಗೆ ದಾಟುವುದಿಲ್ಲ. ನೋವಿಗೆ ಎಣ್ಣೆ ಅಥವಾ ಮುಲಾಮು ಹಚ್ಚಿದ ಕೈಯಲ್ಲೇ ಹಿಡಿದರೆ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತದೆ. ಬಳಸಿದ ಮೇಲೆ ಒರೆಸಿ, ಒಣಗಿಸಿ, ಚಿಟಿಕೆ ಟಾಲ್ಕಂ ಪೌಡರ್ ಸವರಿ, ಸುತ್ತಿ, ಕತ್ತಲಿರುವ ಡಬ್ಬಿಯಲ್ಲಿಡಿ. ಅಂಗಡಿಯಲ್ಲೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಎಳೆದಾಗ ಅಂಚಿನಲ್ಲಿ ಬಿಳಿ ಗೆರೆ, ಸೂಜಿಮೊನೆಯಷ್ಟು ತೂತು ಕಂಡರೆ ಬೇಡ. ಎಳೆತದ ನಡುವೆ ಹರಿದ ಪಟ್ಟಿ ನೇರ ಮುಖಕ್ಕೆ ಬರುತ್ತದೆ, ಆದ್ದರಿಂದ ಕಣ್ಣಿನ ಕಡೆಗೆ ಎಳೆಯುವ ಯಾವ ವ್ಯಾಯಾಮವೂ ಬೇಡ. ಉಂಗುರ, ಬಳೆ ತೆಗೆದಿಡಿ. ಕೈಗವಸು, ಬಲೂನು ಮುಟ್ಟಿದರೆ ಮೈ ತುರಿಸುವವರು ಲ್ಯಾಟೆಕ್ಸ್ ಇಲ್ಲದ ಪಟ್ಟಿ ಕೇಳಿ ಪಡೆಯಬೇಕು.

ಬಳಸುವ ಕ್ರಮಕ್ಕೆ ಬಂದರೆ, ಬೆಳಗಿನ ಬಿಗಿತ ಇಳಿಯುವ ತನಕ ಮುಟ್ಟಬಾರದು. ಬಿಸಿನೀರಿನಲ್ಲಿ ಕೈಕಾಲು ಅದ್ದಿ ಹತ್ತು ಹದಿನೈದು ನಿಮಿಷ ಬಿಟ್ಟು ಶುರು ಮಾಡಿದರೆ ಹಗುರ. ಬೇಸಿಗೆಯಲ್ಲಿ ಸಂಜೆಯೇ ಸರಿ. ತೊಡೆಗೆ: ಕುರ್ಚಿಯಲ್ಲಿ ಬೆನ್ನು ಒರಗಿ ಕೂತು, ಪಟ್ಟಿಯ ಒಂದು ತುದಿಯನ್ನು ಕುರ್ಚಿಯ ಹಿಂದಿನ ಕಾಲಿಗೆ ಕಟ್ಟಿ, ಇನ್ನೊಂದನ್ನು ಅಗಲವಾದ ಕುಣಿಕೆ ಮಾಡಿ ಕಣಕಾಲಿನ ಮೇಲೆ, ಕೀಲಿಗೆ ನಾಲ್ಕು ಬೆರಳು ಮೇಲಕ್ಕೆ ಹಾಕಿ. ಮೊಣಕಾಲು ನೀಡುವಾಗ ಎರಡು ಎಣಿಕೆ, ಹಿಡಿದು ಒಂದು ಎಣಿಕೆ, ಇಳಿಸುವಾಗ ನಾಲ್ಕು ಎಣಿಕೆ. ಇಳಿಸುವಾಗಿನ ನಿಧಾನದಲ್ಲೇ ಅರ್ಧ ಲಾಭ ಇದೆ. ಪಟ್ಟಿಗೆ ಕಾಲನ್ನು ಎಳೆದುಕೊಳ್ಳಲು ಬಿಟ್ಟರೆ ಆ ಲಾಭ ಹೋಗುತ್ತದೆ. ಸೊಂಟಕ್ಕೆ: ಎರಡೂ ತೊಡೆಯ ಸುತ್ತ, ಮೊಣಕಾಲಿನ ಮೇಲೆ ಕಟ್ಟಿ, ಕೂತಲ್ಲೇ ತೊಡೆ ಅಗಲಿಸುವುದು. ಬೆನ್ನು, ತೋಳಿಗೆ: ಭದ್ರವಾದ ಕಿಟಕಿ ಸರಳಿಗೆ ಪಟ್ಟಿಯ ನಡುಭಾಗ ಸಿಕ್ಕಿಸಿ, ಎರಡು ತುದಿಗೂ ಕುಣಿಕೆ ಮಾಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯದೆ ಮುಂಗೈಗೆ ತೊಡಿಸಿ, ಮೊಣಕೈಯನ್ನು ಹಿಂದಕ್ಕೆ ಎಳೆಯುವುದು. ಬೆರಳು ಪೂರ್ತಿ ಸಡಿಲ ಇರಲಿ.

ಒಂದೊಂದನ್ನೂ 8ರಿಂದ 12 ಸಲ, ಎರಡು ಸುತ್ತು, ನಡುವೆ ಎರಡು ನಿಮಿಷ ವಿರಾಮ, ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಕೊನೆಯ ಎರಡು ಮೂರು ಎಳೆತ ಕಷ್ಟ ಎನಿಸಬೇಕು. ಇಪ್ಪತ್ತು ಸಲ ಆರಾಮಾಗಿ ಮಾಡುವಷ್ಟು ಮೆತ್ತಗಿನ ಪಟ್ಟಿಯಿಂದ ಮಾಂಸ ಕಟ್ಟುವುದಿಲ್ಲ. ಮನೆಯಲ್ಲಿ ಮಾಡುವವರು ಸೋಲುವುದು ಇಲ್ಲೇ, ವರ್ಷವಿಡೀ ಹಳದಿಯಲ್ಲೇ ಉಳಿಯುತ್ತಾರೆ. ವ್ಯಾಯಾಮ ಮಾಡಿದ ಎರಡು ದಿನವೂ 12 ಸಲ ಸಲೀಸಾಯಿತು ಎಂದರೆ ಮೂರನೇ ಸುತ್ತು ಸೇರಿಸಿ, ಅದೂ ಸಲೀಸಾದರೆ ಮುಂದಿನ ಬಣ್ಣ.

ಮಾಡಿ ಎರಡು ತಾಸು ಕಳೆದರೂ ಕೀಲಿನ ನೋವು ಮೊದಲಿಗಿಂತ ಜಾಸ್ತಿಯೇ ಇದ್ದರೆ ಮುಂದಿನ ಸಲ ಸಂಖ್ಯೆ ಇಳಿಸಿ. ಮರುದಿನ ತೊಡೆಯ ಮಾಂಸದಲ್ಲಿ ಬರುವ ಸಣ್ಣ ನೋವು ಬೇರೆ, ಅದಕ್ಕೆ ಹೆದರಬೇಕಿಲ್ಲ. ಕೀಲು ಬಿಸಿಯಾಗಿ ಊದಿ ರೋಗ ಕೆರಳಿದ ದಿನಗಳಲ್ಲಿ ಆ ಕೀಲಿಗೆ ಪಟ್ಟಿ ಬೇಡ. ಕೀಲು ಆಡಿಸದೆ ತೊಡೆಯನ್ನು ಬಿಗಿಹಿಡಿದು ಆರು ಎಣಿಸಿ ಬಿಡುವುದಷ್ಟೇ ಸಾಕು. ಕುತ್ತಿಗೆಗೆ ಪಟ್ಟಿ ಯಾವತ್ತೂ ಬೇಡ. ಹಳೆಯ ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವಿನ ಬಂಧ ಸಡಿಲಗೊಂಡಿರಬಹುದು. ತಲೆಯ ಹಿಂಭಾಗದ ನೋವು, ಕೈ ಜುಮ್ಮೆನ್ನುವುದು ಇದ್ದರೆ ಯಾವ ವ್ಯಾಯಾಮಕ್ಕೂ ಮೊದಲು ವೈದ್ಯರಿಗೆ ಹೇಳಿ ಎಕ್ಸ್‌ರೇ ಮಾಡಿಸಬೇಕು.

ಪಟ್ಟಿಯ ಜೊತೆ ಉಚಿತವೆಂದು ಕೊಡುವ ನಗುಮುಖದ ಸ್ಪಂಜಿನ ಚೆಂಡು ಪೂರ್ತಿ ಕೆಟ್ಟದ್ದಲ್ಲ. ಹತೋಟಿಯಲ್ಲಿರುವ ರೋಗದಲ್ಲಿ ಕೈಗೆ ಕ್ರಮಬದ್ಧ ವ್ಯಾಯಾಮ ಒಳ್ಳೆಯದೆಂದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಾರಾ ಅಧ್ಯಯನ ತೋರಿಸಿದೆ. ಆದರೆ ಬೆರಳು ಊದಿದ್ದಾಗ ಟಿವಿ ನೋಡುತ್ತ ನೂರಾರು ಸಲ ಹಿಸುಕುವುದು ಅದಲ್ಲ. ರೊಟ್ಟಿ ಬಡಿಯುವ ಕೈಗೆ ದಿನವೂ ಬೀಳುವ ಪೆಟ್ಟೇ ಸಾಕಷ್ಟಿದೆ.

ಪ್ರೋಟೀನ್ ಡಬ್ಬಿಗೆ ಬರೋಣ. ಆರೋಗ್ಯವಂತ ಭಾರತೀಯರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್. ದೀರ್ಘ ಕಾಯಿಲೆಯಿರುವ ಹಿರಿಯರಿಗೆ, ಮೂತ್ರಪಿಂಡ ಸರಿಯಿದ್ದರೆ, 1.2ರಿಂದ 1.5 ಗ್ರಾಂ ಎಂದು ಪೋಷಣೆಯ ತಜ್ಞರು ಹೇಳುತ್ತಾರೆ. 55 ಕೆ.ಜಿ. ಇರುವವರಿಗೆ 1.2ರ ಲೆಕ್ಕದಲ್ಲಿ ದಿನಕ್ಕೆ 66 ಗ್ರಾಂ. ನಮ್ಮ ಮಾಮೂಲಿ ಊಟ ಕೂಡಿಸಿ ನೋಡಿ: 150 ಗ್ರಾಂ ಹಿಟ್ಟಿನ ಮೂರು ಜೋಳದ ರೊಟ್ಟಿಗೆ ಸುಮಾರು 15 ಗ್ರಾಂ, 40 ಗ್ರಾಂ ತೊಗರಿಬೇಳೆಗೆ 9, ಕಾಲು ಲೀಟರ್ ಹಾಲು-ಮೊಸರಿಗೆ 8, ಬೆಳಗಿನ ಮಂಡಕ್ಕಿ ಒಗ್ಗರಣೆಗೆ 3-4. ಒಟ್ಟು 35ರ ಸುಮಾರು, ಬೇಕಾದದ್ದರ ಅರ್ಧ. ಅದರಲ್ಲೂ ಬೆಳಗಿನ ಹೊತ್ತು ಬಹುತೇಕ ಖಾಲಿ.

ಈ ಅರ್ಧವನ್ನು ತುಂಬಲು ಡಬ್ಬಿಯೇ ಆಗಬೇಕೆಂದಿಲ್ಲ. ಒಗ್ಗರಣೆಯ ಮೇಲೆ ಉದುರಿಸುವ ಪುಟಾಣಿ ಹಿಟ್ಟನ್ನು ಚಮಚದಿಂದ 30 ಗ್ರಾಂಗೆ ಏರಿಸಿದರೆ 6 ಗ್ರಾಂ, ಜೊತೆಗೆ ಮಿರ್ಚಿಯ ಬದಲು ಎರಡು ಬೇಯಿಸಿದ ಮೊಟ್ಟೆಗೆ 12, ಸಂಜೆ 30 ಗ್ರಾಂ ಶೇಂಗಾಕ್ಕೆ 7, ರಾತ್ರಿ 30 ಗ್ರಾಂ ಹೆಸರುಕಾಳಿನ ಪಲ್ಯಕ್ಕೆ 7. ಅಲ್ಲಿಗೆ 67. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳು ಆ ಕೊರತೆ ತುಂಬುತ್ತವೆ. ರೊಟ್ಟಿಯನ್ನು ಬರೀ ಖಾರದ ಚಟ್ನಿಯಲ್ಲಿ ಮುಗಿಸದೆ ಕಾಳಿನ ಪಲ್ಯದ ಜೊತೆ ಉಣ್ಣಬೇಕಾದದ್ದು ಇದಕ್ಕೇ. ಮೊಟ್ಟೆ ತಿನ್ನದವರು 25 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಹಾಕಿಕೊಂಡರೆ ಅಷ್ಟೇ ಬರುತ್ತದೆ. ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೆ 20-25 ಗ್ರಾಂ ಹಂಚಿ.

ಹಲ್ಲಿಲ್ಲದವರು, ಹಸಿವೇ ಆಗದವರು, ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ವಾಕರಿಕೆಯಿಂದ ಉಣ್ಣಲಾಗದವರು, ಇವರಿಗೆ ಡಬ್ಬಿ ನಿಜಕ್ಕೂ ಉಪಯೋಗ. ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಡಬ್ಬಿಯ ಹಿಂದೆ ಬರೆದಿರುವ ಅಂಶಗಳ ವಿವರ ಓದಿ. 100 ಗ್ರಾಂ ಪುಡಿಗೆ ಎಷ್ಟು ಪ್ರೋಟೀನ್, ಎಷ್ಟು ಸಕ್ಕರೆ? ಮಕ್ಕಳು ಕುಡಿಯುವ ಮಾಲ್ಟ್ ಪುಡಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆಯೇ ಹೆಚ್ಚು. ಉರಿಯೂತ, ಸ್ಟೀರಾಯ್ಡ್ ಎರಡೂ ರಕ್ತದ ಸಕ್ಕರೆ ಏರಿಸುವಾಗ ಅಂಥದ್ದು ಬೇಡ. ಬೆಲೆಯನ್ನು ಡಬ್ಬಿಗಲ್ಲ, ಪ್ರೋಟೀನಿನ ಗ್ರಾಂಗೆ ಲೆಕ್ಕ ಹಾಕಿ. 100 ಗ್ರಾಂಗೆ 34 ಗ್ರಾಂ ಪ್ರೋಟೀನ್ ಇರುವ 200 ಗ್ರಾಂ ಡಬ್ಬಿಗೆ 400 ರೂಪಾಯಿ ಅಂದರೆ ಗ್ರಾಂಗೆ ಸುಮಾರು 6 ರೂಪಾಯಿ. ಕೆ.ಜಿ.ಗೆ 150 ರೂಪಾಯಿಯ ಶೇಂಗಾದಲ್ಲಿ ಅದು 60 ಪೈಸೆ.

ಮಾಂಸಖಂಡಕ್ಕೆ ಒಳ್ಳೆಯದೆಂದು ಎಚ್‌ಎಂಬಿ, ಗ್ಲುಟಮಿನ್, ಆರ್ಜಿನಿನ್ ಎಂಬ ವಸ್ತುಗಳನ್ನು ಸೇರಿಸಿದ್ದೇವೆಂದು ಹೆಚ್ಚು ಬೆಲೆ ಕೇಳುವ ಪುಡಿಗಳೂ ಇವೆ. ರುಮಟಾಯ್ಡ್ ಕ್ಯಾಕೆಕ್ಸಿಯಾ ಇದ್ದವರಲ್ಲೇ ಈ ಮಿಶ್ರಣವನ್ನು 12 ವಾರ ಪರೀಕ್ಷಿಸಿದ ವರದಿ 2005ರಲ್ಲಿ ಬಂತು. ಹೋಲಿಕೆಗೆ ಕೊಟ್ಟಿದ್ದ ಸಾದಾ ಅಮೈನೋ ಆಮ್ಲಗಳಿಗಿಂತ ಅದು ಮೇಲಾಗಲಿಲ್ಲ. ಎರಡು ಗುಂಪಿನಲ್ಲೂ ಕೊಬ್ಬಿಲ್ಲದ ಮೈತೂಕ ಕೂಡಿತ್ತು. ಆ ಮೂರು ಹೆಸರಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ಡಬ್ಬಿಯ ಪಕ್ಕದಲ್ಲೇ, ಸಂತೆಯಲ್ಲೋ ಹಳ್ಳಿಯ ಮದ್ದಿನವರಲ್ಲೋ ಸಿಗುವ, ಹೆಸರು-ಅಂಶ ಯಾವುದೂ ಬರೆಯದ ಕೀಲುನೋವಿನ ಪುಡಿಯ ಬಗ್ಗೆಯೂ ಹೇಳಲೇಬೇಕು. ಎರಡು ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಗುಂಡಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ಸ್ಟೀರಾಯ್ಡ್ ಹೆಚ್ಚಿದರೆ ಮೊದಲು ಕರಗುವುದು ತೊಡೆ, ಭುಜದ ಮಾಂಸ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನೇ ಹಿಡಿದು ವೈದ್ಯರ ಹತ್ತಿರ ಹೋಗಬೇಕು, ಅವರು ಹಂತಹಂತವಾಗಿ ಇಳಿಸುತ್ತಾರೆ.

ಜಿಮ್‌ನವರ ಸಲಹೆಯಿಂದ, ಮಾಂಸಖಂಡ ಬೆಳೆಸಲೆಂದು ಮಾರುವ ಕ್ರಿಯಾಟಿನ್ ಪುಡಿ ತರುವವರು ಈಚೆಗೆ ಹೆಚ್ಚಿದ್ದಾರೆ. ರುಮಟಾಯ್ಡ್‌ನವರಲ್ಲಿ 12 ವಾರದ ಪರೀಕ್ಷೆ ನಡೆದು 2016ರಲ್ಲಿ ಪ್ರಕಟವಾಗಿದೆ. ಮಾಂಸರಾಶಿ ತುಸು ಕೂಡಿತು, ಬಲ ಕೂಡಲಿಲ್ಲ. ತೆಗೆದುಕೊಳ್ಳುವುದೇ ಆದರೆ ಒಂದು ಮಾತು ನೆನಪಿಡಿ. ಕ್ರಿಯಾಟಿನ್ ತಿಂದರೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿ ಏರುತ್ತದೆ, ಮೂತ್ರಪಿಂಡಕ್ಕೆ ಏನೂ ಆಗಿರದಿದ್ದರೂ. ಮೆಥೊಟ್ರೆಕ್ಸೇಟ್ ಪ್ರಮಾಣವನ್ನು ವೈದ್ಯರು ನಿರ್ಧರಿಸುವಾಗ ನೋಡುವುದು ಆ ಅಂಕಿಯನ್ನೇ. ಪುಡಿಯ ವಿಷಯ ಮುಚ್ಚಿಟ್ಟರೆ ಸರಿಯಾಗಿ ನಡೆಯುತ್ತಿದ್ದ ಮಾತ್ರೆ ಸುಮ್ಮನೆ ನಿಂತುಹೋಗಬಹುದು. ಆದ್ದರಿಂದ ಪರೀಕ್ಷೆಗೆ ರಕ್ತ ಕೊಡುವ ಮುಂಚೆಯೇ ಡಬ್ಬಿಯ ಹೆಸರನ್ನು ಚೀಟಿಯ ಹಿಂದೆ ಬರೆದು ಅವರಿಗೆ ತೋರಿಸಿ.